ಲೆಕ್ಕಕ್ಕೆ ಹಿಡಿಯದ ಮೋಟಾರು

ಎಲ್ಲರೂ ಅವನನ್ನು ಲೋಡಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಇನ್ವರ್ಟರ್ ಬೇಕೆಂದು ಅಂಗಡಿ ಮೆಟ್ಟಿಲು ಹತ್ತಿದವರಿಗೆ ಕೂತ್ಕೊಳ್ಳಿ ಅನ್ನುವ ಮೊದಲೇ "ಲೋಡ್ ಎಷ್ಟು?" ಎಂದು ಕೇಳುವ ಮನುಷ್ಯನಿಗೆ ಇನ್ನೆಂಥ ಹೆಸರು ಬಂದೀತು?

ಕೇಳುತ್ತಿದ್ದ ಅಷ್ಟೇ, ಗಿರಾಕಿ ಹೇಳಿದ್ದನ್ನು ನಂಬುತ್ತಿರಲಿಲ್ಲ. ಯಾವ ಸಾಮಾನು ಎಷ್ಟು ಕರೆಂಟು ಎಳೆಯುತ್ತದೆಂದು ಅವರ ಮನೆಗೇ ಹೋಗಿ ಕೋಣೆ ಕೋಣೆ ಸುತ್ತಿ ನೋಡಬೇಕು. ಫ್ರಿಜ್ಜು, ಮಿಕ್ಸಿ, ಬಟ್ಟೆ ಒಗೆಯುವ ಮಿಷನ್, ನೀರೆತ್ತುವ ಪಂಪು, ಏನೇ ಇರಲಿ, ಅದರ ನೆತ್ತಿಯ ಮೇಲೆ ತೋರುಬೆರಳು ಎಳೆಯುತ್ತಿದ್ದ. ಬೆರಳಿಗೆ ಧೂಳು ಅಂಟಿತೋ, ಆ ಸಾಮಾನು ಲೆಕ್ಕದಿಂದ ಹೊರಗೆ. ಜನ ತಮ್ಮ ಹತ್ತಿರ ಇರುವುದನ್ನೆಲ್ಲ ಬಳಸುತ್ತೇವೆ ಅಂದುಕೊಂಡಿರುತ್ತಾರೆ, ಧೂಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ಅವನ ವಾದ. ಒಮ್ಮೆ ಒಬ್ಬ ಬ್ಯಾಂಕ್ ಮ್ಯಾನೇಜರರ ಮನೆಯಲ್ಲಿ ವ್ಯಾಯಾಮಕ್ಕೆಂದು ನಿಂತಲ್ಲೇ ಓಡುವ ಟ್ರೆಡ್‌ಮಿಲ್ ಇತ್ತು. ಅದರ ಹಿಡಿಕೆಯ ಮೇಲೆ ಒದ್ದೆ ಟವೆಲ್ಲುಗಳು ಒಣಗುತ್ತಿದ್ದವು.

"ದಿನಾ ಬೆಳಗ್ಗೆ ಓಡ್ತೀನಿ ಕಣ್ರೀ," ಎಂದರು ಮ್ಯಾನೇಜರು, ಹೊಟ್ಟೆಯನ್ನು ಆದಷ್ಟು ಒಳಗೆ ಎಳೆದುಕೊಂಡು.

ಲೋಡಣ್ಣ ಧೂಳು ಹತ್ತಿದ ಬೆರಳೆತ್ತಿ ತೋರಿಸಿದ. ಅವರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಓಡಿದರು. ಬೇರೆ ಅಂಗಡಿಯವರು ಆನೆಯಂಥ ಇನ್ವರ್ಟರನ್ನು ತಲೆಗೆ ಕಟ್ಟಿ ಕಳಿಸುವ ಮನೆಗೆ ಇವನು ಬೇಕಾದಷ್ಟೇ ಕೊಟ್ಟು ಬರುತ್ತಿದ್ದ. ಅದೇ ಅವನ ಮರ್ಯಾದೆ. ಸ್ವಲ್ಪ ಜಂಬವೂ ಅದೇ.

ಓಡುವ ಮೋಟಾರಿನ ವಿಷಯದಲ್ಲಿ ಮಾತ್ರ ಅವನ ಕೈ ಧಾರಾಳ. ದೀಪ ಪಾಪದ್ದು, ಮೈಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಕರೆಂಟು ತಿನ್ನುತ್ತದೆ. ಮೋಟಾರು ಹಾಗಲ್ಲ. ಸುಮ್ಮನೆ ನಿಂತದ್ದು ಏಳುವಾಗ ನಾಲ್ಕು ಪಾಲು, ಐದು ಪಾಲು ಎಳೆದು, ತಿರುಗಲು ಶುರುವಾದ ಮೇಲೆ ಸಾಧುವಾಗುತ್ತದೆ. ಏಳುವಾಗಿನ ಆ ಒಂದು ಏಟನ್ನು ತಡೆಯುವಷ್ಟು ದೊಡ್ಡದನ್ನು ತರದಿದ್ದರೆ ಇನ್ವರ್ಟರ್ ಕುಂಯ್ ಎಂದು ಕೈಚೆಲ್ಲುತ್ತದೆ. ಇದನ್ನು ಗಿರಾಕಿಗಳಿಗೆ ಬಿಡಿಸಿ ಹೇಳುವ ಕೆಲಸ ಅವನ ಹೆಂಡತಿಯದು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಒಂದು ಹಲಗೆಯ ಗೋಡೆ. ಅದರ ಆಚೆ ಬದಿಯಲ್ಲಿ ಅವಳ ಹೊಲಿಗೆ. ಬೀದಿಗೆಲ್ಲ ಟೈಲರಮ್ಮ ಅವಳು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಲ್ಲಿಂದ ಕೂಗಿ ಹೇಳುತ್ತಿದ್ದಳು:

"ತಳ್ಳುಗಾಡಿ ನೋಡಿದೀರಲ್ವಾ? ಸಾಮಾನು ತುಂಬಿ ನಿಂತಿರೋ ಗಾಡಿನ ಅಲ್ಲಾಡಿಸೋಕೆ ನಾಲ್ಕು ಜನ ಬೇಕು. ಉರುಳೋಕೆ ಶುರುವಾದ್ರೆ ಒಬ್ಬ ಸಾಕು. ನಮ್ಮ ಯಜಮಾನ್ರು ಆ ನಾಲ್ಕು ಜನರ ಲೆಕ್ಕ ಕೇಳ್ತಿದಾರೆ, ಅಷ್ಟೇ."

ಅವಳ ಮಿಷನ್ನಿಗೂ ಅಡಿಯಲ್ಲಿ ಕುಂಬಳಕಾಯಿಯಷ್ಟು ದಪ್ಪನೆಯ ಹಳೆಯ ಮೋಟಾರು ಇತ್ತು. ಸ್ವಿಚ್ಚು ಹಾಕಿದರೆ ಗುಂಯ್ ಎಂದು ಎದ್ದು, ಅಂಗಡಿಯ ದೀಪವನ್ನೊಮ್ಮೆ ಮಂಕು ಮಾಡಿ, ಆಮೇಲೆ ಒಂದೇ ಸಮನೆ ಹಾಡಿಕೊಂಡಿರುತ್ತಿತ್ತು. ಅವಳಿಗೂ ಅವಳದೇ ಒಂದು ಹಟ. ಕತ್ತರಿ ಹಾಕಿದ ಬಟ್ಟೆಯನ್ನು ಜೋಡಿಸದೆ ಎದ್ದವಳೇ ಅಲ್ಲ. "ಬಿಡಿಬಿಡಿಯಾಗಿ ಬಿದ್ದಿರೋ ಬಟ್ಟೆ ನೋಡಿದ್ರೆ ನನಗೆ ಅನ್ನ ಇಳಿಯಲ್ಲ," ಎನ್ನುತ್ತಿದ್ದಳು. ಬೀದಿಯ ಮಕ್ಕಳ ಯೂನಿಫಾರಮ್ಮೆಲ್ಲ ಅವಳ ಕೈಯದು. ಗಂಡ ಮಾತ್ರ ಕಾಲರು ಸವೆದ ಅಂಗಿಯಲ್ಲಿ ತಿರುಗುತ್ತಿದ್ದ. ಕೇಳಿದರೆ, "ನಿಮ್ಮದಕ್ಕೇನು ಅವಸರ, ನೀವೆಲ್ಲಿಗೆ ಓಡಿಹೋಗ್ತೀರಿ?" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಅಂತೂ ಒಂದು ದಿನ ತಿಳಿನೀಲಿ ಬಟ್ಟೆ ಹರಡಿ, ಅವನನ್ನು ನಿಲ್ಲಿಸಿ ಅಳತೆ ತೆಗೆದು, ಅಂಗಿಗೆ ಕತ್ತರಿ ಹಾಕಿದಳು. ಬೆನ್ನು, ಎದೆಯ ಎರಡು ಪಾಲು, ಕಾಲರು, ಎರಡು ತೋಳು. ಎಂಟು ತಿಂಗಳಿಂದ ಬಿಡದೆ ಕಾಡುತ್ತಿದ್ದ ಕೆಮ್ಮು ಅಂದು ಎಷ್ಟು ಜೋರಾಗಿ ಬಂತೆಂದರೆ ಕತ್ತರಿ ಕೈಯಿಂದ ಜಾರಿತು. ತುಟಿ ಆ ಬಟ್ಟೆಯ ಬಣ್ಣಕ್ಕೇ ತಿರುಗಿತ್ತು. ಆಟೋ ಕರೆಸಿ ಆಸ್ಪತ್ರೆಗೆ ಕರೆದೊಯ್ದರು. ಅವಳ ಜೀವನದಲ್ಲಿ ಮೊದಲ ಸಲ ಕತ್ತರಿಸಿದ ಬಟ್ಟೆ ಹಾಗೇ ಉಳಿಯಿತು.

ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಕಾರಿಡಾರಿನಲ್ಲಿ ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟರು. ಡಾಕ್ಟರು ಭುಜ ಮುಟ್ಟಿದಾಗಲೇ ಅವನಿಗೆ ಗೊತ್ತಾಯಿತು.

"ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ. ಇನ್ನು ಮೊದಲಿನ ಹಾಗೆ ಆಗಲ್ಲ. ಆಕ್ಸಿಜನ್ ಮಿಷನ್ ಹಗಲೂ ರಾತ್ರಿ ಇರಲಿ, ನಿಲ್ಲಬಾರದು. ಅವರು ಏನು ಆಸೆ ಪಡ್ತಾರೋ ಮಾಡಿಕೊಡಿ."

ಒಳಕೋಣೆಯಲ್ಲಿ ಅವಳ ಹಾಸಿಗೆಯ ಪಕ್ಕ ಆ ಮಿಷನ್ ಬಂದು ಕೂತಿತು. ಒಳಗೆ ಗಾಳಿ ಒತ್ತುವ ಮೋಟಾರು, ಹೊರಗೆ ಉದ್ದನೆಯ ಕೊಳವೆ, ಕೊಳವೆಯ ತುದಿ ಅವಳ ಮೂಗಿಗೆ. ಟೈಲರಮ್ಮ ಅದಕ್ಕೆ ಸವತಿ ಎಂದು ಹೆಸರಿಟ್ಟಳು. "ಮೂರು ಹೊತ್ತೂ ಅದರ ಕಿವಿ ಹಿಂಡ್ತಾ ಕೂತಿರ್ತೀರಲ್ಲ, ನನ್ನ ಮುಖಾನೂ ಒಂಚೂರು ನೋಡಿ," ಎಂದು ಅವನನ್ನು ಛೇಡಿಸುತ್ತಿದ್ದಳು. ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗಿತ್ತು, ಆದರೂ ಛೇಡಿಸುವುದನ್ನು ಬಿಟ್ಟಿರಲಿಲ್ಲ.

ಆಗ ಕರೆಂಟಿನ ಕಾಟ ಬೇರೆ. ದಿನವೂ ಇಳಿಹೊತ್ತಿಗೆ ಹೋದರೆ ದೀಪ ಹಚ್ಚುವ ಹೊತ್ತು ದಾಟಿದ ಮೇಲೇ ಬರುತ್ತಿತ್ತು. ಟೈಲರಮ್ಮನಿಗೆ ಬೆಳಗ್ಗೆಯೆಲ್ಲ ಸುಸ್ತು, ಮಧ್ಯಾಹ್ನ ನಿದ್ದೆ, ಎದ್ದು ಕೂರುವಷ್ಟು ಜೀವ ಬರುತ್ತಿದ್ದದ್ದು ಆ ಹೊತ್ತಿನಲ್ಲೇ. ಮನೆಗೆಲ್ಲ ಇದ್ದದ್ದು ದೀಪ ಫ್ಯಾನು ಓಡಿಸುವ ಒಂದು ಚಿಕ್ಕ ಹಳೆಯ ಇನ್ವರ್ಟರು. ಅಂಗಡಿಯವನ ಮನೆಯಲ್ಲಿ ಒಳ್ಳೆಯದು ಯಾವತ್ತು ಇರುತ್ತದೆ? ಮೊದಲ ಎರಡು ದಿನ ಆಕ್ಸಿಜನ್ ಸಿಲಿಂಡರಿನಲ್ಲಿ ಸುಧಾರಿಸಿದರು.

"ಹೊಸದು ತರ್ತೀನಿ," ಎಂದ ಲೋಡಣ್ಣ.

"ಲೋಡ್ ಎಷ್ಟು?" ಎಂದು ಅವಳು ಕೇಳಿದಳು, ಥೇಟ್ ಅವನದೇ ದನಿಯಲ್ಲಿ. ಅವನಿಗೆ ನಗು ಬಂತು.

"ನಿನ್ನ ಸವತಿ, ಒಂದು ಫ್ಯಾನು, ಎರಡು ದೀಪ."

"ನನ್ನ ಹೊಲಿಗೆ ಮಿಷನ್ನೂ ಹಿಡೀರಿ ರೀ. ನಿಮ್ಮ ಅಂಗಿ ಹಾಗೇ ಬಿದ್ದಿದೆ. ಕರೆಂಟ್ ಇರೋವಾಗ ನನಗೆ ಏಳೋಕಾಗಲ್ಲ, ಏಳೋಕಾದಾಗ ಕರೆಂಟ್ ಇರಲ್ಲ. ಎರಡೂ ಒಟ್ಟಿಗೆ ಓಡೋವಂಥದ್ದು ತನ್ನಿ."

"ಆಯ್ತು ಕಣೇ," ಎಂದ.

ಅಳತೆ ತೆಗೆಯಲೆಂದು ಹಲಗೆಯ ಗೋಡೆಯ ಬದಿಯ ಹೊಲಿಗೆ ಜಾಗಕ್ಕೆ ಹೋದ. ಹೊಲಿಗೆ ಮಿಷನ್ ಬಟ್ಟೆ ಮುಚ್ಚಿಕೊಂಡು ನಿಂತಿತ್ತು. ಬಟ್ಟೆ ಸರಿಸಿ, ಅಡಿಯಲ್ಲಿದ್ದ ಮೋಟಾರಿನ ವ್ಯಾಟ್ ಬರೆದ ತಗಡು ಓದಲು ಬಗ್ಗಿದ. ಎಷ್ಟೋ ವರ್ಷದ ರೂಢಿ, ತೋರುಬೆರಳು ತಾನಾಗಿಯೇ ಮೋಟಾರಿನ ಬೆನ್ನ ಮೇಲೆ ಓಡಿತು. ಬೆರಳ ತುದಿಗೆ ಬೂದು ಬಣ್ಣದ ಮೆತ್ತನೆಯ ಧೂಳು ಹತ್ತಿಕೊಂಡಿತು.

ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಡಾಕ್ಟರು ಹೇಳಿದ್ದನ್ನು ಅವನು ಕಿವಿಯಲ್ಲಿ ಕೇಳಿದ್ದ ಅಷ್ಟೇ, ಈಗ ಅದು ಬೆರಳಿಗೆ ಅಂಟಿತ್ತು. ಇನ್ನು ಇವಳು ಈ ಸ್ಟೂಲಿನ ಮೇಲೆ ಕೂರುವುದಿಲ್ಲ ಎಂದು ಅವನ ಮನಸ್ಸು ಹೇಳಿತು. ಕಣ್ಣೀರು ಧಾರೆಧಾರೆಯಾಗಿ ಇಳಿಯಿತು. ಒಳಕೋಣೆಗೆ ಕೇಳಿಸದ ಹಾಗೆ ಅತ್ತ.

ಆಮೇಲೆ ಅವನು ಮಾಡಿದ್ದನ್ನು ಜಿಪುಣತನ ಅನ್ನುವ ಹಾಗಿಲ್ಲ. ಅಂಗಡಿ ತುಂಬ ಇನ್ವರ್ಟರುಗಳಿದ್ದವು, ಯಾವುದನ್ನು ಎತ್ತಿದರೂ ಕೇಳುವವರಿರಲಿಲ್ಲ. ಎರಡು ಬ್ಯಾಟರಿಯ ದೊಡ್ಡದರ ಮೇಲೆ ಕೈಯಿಟ್ಟ ಕೂಡ. ಆದರೆ ಕೈ ಮೇಲೇಳಲಿಲ್ಲ. ಓಡದ ಮೋಟಾರನ್ನು ಅವನು ಯಾರ ಮನೆಯಲ್ಲೂ ಲೆಕ್ಕಕ್ಕೆ ಹಿಡಿದವನಲ್ಲ. ಹಿಡಿದರೆ ಸುಳ್ಳು ಹೇಳಿದ ಹಾಗೆ, ಅದೂ ತನಗೆ ತಾನೇ. ಸುಳ್ಳು ಆಸೆ ಇಟ್ಟುಕೊಂಡು ಆಮೇಲೆ ಕುಸಿದು ಬೀಳುವುದಕ್ಕಿಂತ ಈಗಲೇ ಗಟ್ಟಿಯಾಗುವುದು ಮೇಲು ಅಂದುಕೊಂಡ. ಸವತಿ ಏಳುವಾಗಿನ ಏಟನ್ನು ತಡೆದು, ಜೊತೆಗೆ ಫ್ಯಾನು ದೀಪ ಹೊರುವಷ್ಟು, ಅದಕ್ಕಿಂತ ಒಂದು ಕೂದಲು ಹೆಚ್ಚಿಲ್ಲದಂಥದ್ದನ್ನು ಆರಿಸಿದ. ಬ್ಯಾಟರಿ ಆಕ್ಸಿಜನ್ ಹತ್ತಿರ ಇರಬಾರದೆಂದು ಓಣಿಯ ಕಡೆಯ ಕಿಟಕಿಯ ಹೊರಗೆ, ಒಳಗಿನಿಂದ ಕೈಗೆ ಸಿಗುವ ಹಾಗೆ ಕೂರಿಸಿ ವೈರು ಎಳೆದ. ಕೆಲಸವೇನೋ ಅಚ್ಚುಕಟ್ಟು, ಮನಸ್ಸು ಮಾತ್ರ ಕಳ್ಳನದಾಗಿತ್ತು.

"ನನ್ನದೂ ಹಿಡಿದಿರಾ?" ಎಂದು ಅವಳು ಒಳಗಿನಿಂದ ಕೇಳಿದಳು.

"ಹಿಡಿದೀನಿ ಹಿಡಿದೀನಿ," ಎಂದ, ಸ್ಕ್ರೂ ತಿರುಗಿಸುತ್ತ.

ಒಂದಷ್ಟು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಕರೆಂಟು ಹೋಗುತ್ತಿತ್ತು, ಸವತಿ ಒಂದು ಕ್ಷಣ ಉಸಿರು ಹಿಡಿದು ಮತ್ತೆ ಗುನುಗುತ್ತಿದ್ದಳು. ಮಗಳು ತನ್ನ ಮನೆ, ಕೆಲಸ ಬಿಟ್ಟು ಬಂದು ಅಮ್ಮನ ಬಳಿ ಇದ್ದಳು. ಒಂದು ಸಂಜೆ ಮಗಳು ಔಷಧಿ ತರಲು ಹೋಗಿದ್ದಳು. ಲೋಡಣ್ಣ ಅಂಗಡಿಯ ಬಾಗಿಲಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತಿದ್ದ. ಕರೆಂಟು ಹೋಗಿ ಸ್ವಲ್ಪ ಹೊತ್ತಾಗಿತ್ತು. ಹಲಗೆಯ ಗೋಡೆಯ ಆಚೆಯಿಂದ ಗುಂಯ್ ಎಂಬ ಪರಿಚಯದ ಸದ್ದು ಅರ್ಧಕ್ಕೆ ಎದ್ದು ಸತ್ತಿತು. ಹಿಂದೆಯೇ ಇನ್ವರ್ಟರು ಕಿರುಚಿಕೊಂಡಿತು. ದೀಪ ಆರಿತು, ಫ್ಯಾನು ನಿಂತಿತು, ಸವತಿಯ ಗುನುಗು ನಿಂತಿತು.

ಅವನು ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ಟೈಲರಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಕೊಳವೆಯನ್ನು ಎಳೆದಷ್ಟು ದೂರ ಎಳೆದುಕೊಂಡು, ಗೋಡೆ ಹಿಡಿದು ಹಿಡಿದು ಅಷ್ಟು ದೂರ ಬಂದಿದ್ದಳು. ಮಡಿಲಲ್ಲಿ ತಿಳಿನೀಲಿ ಬಟ್ಟೆ. ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದಳು. ಅವನು ಹೊಲಿಗೆ ಮಿಷನ್ನಿನ ಸ್ವಿಚ್ಚು ಆರಿಸಿ, ಓಣಿಯ ಕಿಟಕಿಗೆ ಹಾರಿ, ಇನ್ವರ್ಟರಿನ ಗುಂಡಿ ಒತ್ತಿ ಹಿಡಿದ. ಸವತಿ ಗೊಗ್ಗರು ದನಿ ತೆಗೆದು ಮತ್ತೆ ಶುರುವಾಯಿತು. ವಾಪಸು ಬಂದು ಅವಳ ಬೆನ್ನು ನೀವುತ್ತ ನಿಂತ.

ಅವಳ ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ಬ್ಯಾಟರಿ ಹೊಸದು ಕಣೇ," ಎಂದ ಅವನು. "ಪೂರ್ತಿ ಚಾರ್ಜ್ ಆಗಿರಲಿಲ್ಲ, ಅದಕ್ಕೇ..."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬೀದಿಯ ಅರ್ಧ ಜನಕ್ಕೆ ತಳ್ಳುಗಾಡಿಯ ಪಾಠ ಹೇಳಿದವಳ ಮುಂದೆ ಈ ಮಾತು ಎಲ್ಲಿ ನಡೆದೀತು?

"ಧೂಳು ನೋಡಿದ್ರಾ?" ಎಂದು ಮೆಲ್ಲಗೆ ಕೇಳಿದಳು.

ಅವನು ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ಬೆರಳಾಡಿಸಿ ನೋಡಿದ್ರಿ ಅಲ್ವಾ? ಇವಳು ಇನ್ನು ಓಡಲ್ಲ ಅಂತ ಬಿಟ್ಬಿಟ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನನಗೂ ಗೊತ್ತು ರೀ. ಡಾಕ್ಟ್ರು ನಿಮಗೆ ಕಾರಿಡಾರಲ್ಲಿ ಹೇಳಿದ್ದು ಮುಖದಲ್ಲೇ ಬರೆದಿತ್ತು. ಆದ್ರೂ ನೀವೊಬ್ರು ಲೆಕ್ಕಕ್ಕೆ ಹಿಡಿದಿದೀರಿ ಅಂದ್ಕೊಂಡು ದಿನಾ ಒಂದು ಹೆಜ್ಜೆ ಹೆಚ್ಚು ಹಾಕ್ತಿದ್ದೆ."

ಲೋಡಣ್ಣ ನೆಲದ ಮೇಲೆ ಕೂತು ಅವಳ ಮೊಣಕಾಲಿಗೆ ಹಣೆ ಹಚ್ಚಿದ. "ತಪ್ಪಾಯ್ತು ಕಣೇ," ಎಂದಷ್ಟೇ ಹೇಳಲು ಬಂತು. ತಿಳಿನೀಲಿ ಬಟ್ಟೆ ಅವನ ಕೆನ್ನೆಗೆ ತಗಲಿ ಒದ್ದೆಯಾಯಿತು.

"ಏಳಿ, ಬಟ್ಟೆ ಕೊಳೆ ಮಾಡಬೇಡಿ," ಎಂದಳು ಅವಳು.

ಮರುದಿನ ಬೆಳಗ್ಗೆ ಪಕ್ಕದ ಗ್ಯಾರೇಜಿನವರ ಕೈ ಹಿಡಿಸಿ ಎರಡು ಬ್ಯಾಟರಿಯ ದೊಡ್ಡ ಇನ್ವರ್ಟರನ್ನು ಓಣಿಗೆ ತಂದು ಇಳಿಸಿದ. ಸಣ್ಣದನ್ನು ಬಿಚ್ಚಿ, ದೊಡ್ಡದಕ್ಕೆ ದಪ್ಪ ವೈರು ಎಳೆದು ಜೋಡಿಸಿದ. ಸವತಿಯನ್ನು ಓಡಲು ಬಿಟ್ಟು, ಅದರ ಮೇಲೆ ಹೊಲಿಗೆ ಮಿಷನ್ನಿನ ಸ್ವಿಚ್ಚು ಹಾಕಿ, ಆರಿಸಿ, ಮತ್ತೆ ಹಾಕಿ, ಮತ್ತೆ ಮತ್ತೆ ನೋಡಿದ. ದೀಪ ಕಣ್ಣು ಮಿಟುಕಿಸಲೂ ಇಲ್ಲ. ಇಷ್ಟೆಲ್ಲ ಆಗುವಾಗ ಟೈಲರಮ್ಮ ಮಲಗಿದಲ್ಲಿಂದಲೇ ಸದ್ದು ಕೇಳುತ್ತಿದ್ದಳು. ನಿನ್ನೆಯ ಒದ್ದಾಟ ಅವಳ ಇದ್ದಬದ್ದ ಶಕ್ತಿಯನ್ನೆಲ್ಲ ಹಿಂಡಿಬಿಟ್ಟಿತ್ತು. ಸಂಜೆ ಕರೆಂಟು ಹೋದಾಗ ಅವಳಿಗೆ ಕಾಲು ಕೆಳಗಿಡಲು ಆಗಲಿಲ್ಲ.

"ನಾನು ಅಲ್ಲಿಗೆ ಬರೋಕಾಗಲ್ಲ," ಎಂದಳು.

"ನೀನ್ಯಾಕೆ ಬರ್ತೀಯ, ಅದೇ ಬರುತ್ತೆ," ಎಂದ ಅವನು.

ಅಪ್ಪ ಮಗಳು ಸೇರಿ ಆ ಕಬ್ಬಿಣದ ಕಾಲಿನ ಮಿಷನ್ನನ್ನು ಎಳೆದುಕೊಂಡು ಬಂದು ಮಂಚಕ್ಕೆ ಒತ್ತಿ ನಿಲ್ಲಿಸಿದರು. ಬೆನ್ನಿಗೆ ದಿಂಬು ಜೋಡಿಸಿ ಅವಳನ್ನು ಒರಗಿಸಿದರು. ಕೈ ಅವಳದು, ಕಾಲು ಮಾತ್ರ ಅವನದು ಎಂದು ಒಪ್ಪಂದವಾಯಿತು. ಅವನು ಸ್ಟೂಲಿನ ಮೇಲೆ ಕೂತು ಪೆಡಲಿನ ಮೇಲೆ ಪಾದವಿಟ್ಟ. ಮಗಳು ಸೂಜಿಗೆ ದಾರ ಪೋಣಿಸಿದಳು.

"ಒತ್ತಿ," ಎಂದಳು ಟೈಲರಮ್ಮ. ಅವನು ಒತ್ತಿದ. ಬಟ್ಟೆ ಕುದುರೆಯ ಹಾಗೆ ಓಡಿತು. "ಅಯ್ಯೋ, ಬಿಡಿ ಬಿಡಿ! ಯಾರು ಬೆನ್ನಟ್ಟಿಕೊಂಡು ಬಂದ್ರು? ನಿಧಾನ."

ಮಗಳು ನಕ್ಕಳು, ಅವನೂ ನಕ್ಕ. ಒಂದು ಭುಜ ಕೂಡುವಷ್ಟರಲ್ಲಿ ಅವಳು ಕಣ್ಣು ಮುಚ್ಚಿ ದಿಂಬಿಗೆ ಒರಗುತ್ತಿದ್ದಳು. ಸದ್ದು ತಲೆಗೆ ಹೊಡೆಯಬಾರದೆಂದು ಅವನು ಮೋಟಾರು ಆರಿಸುತ್ತಿದ್ದ. ಅವಳು ಕಣ್ಣು ತೆರೆದರೆ ಮತ್ತೆ ಸ್ವಿಚ್ಚು. ಪ್ರತಿ ಸಲ ಆ ಹಳೆಯ ಮೋಟಾರು ನಿಂತಲ್ಲಿಂದ ಏಳುವಾಗಲೂ ಲೋಡಣ್ಣನ ಕಿವಿ ಓಣಿಯ ಕಡೆ ಇರುತ್ತಿತ್ತು. ಇನ್ವರ್ಟರು ಒಮ್ಮೆ ಹೂಂಕರಿಸಿ ಹೊತ್ತುಕೊಳ್ಳುತ್ತಿತ್ತು. ಸವತಿ ತನ್ನ ಪಾಡಿಗೆ ತಾನು ಗುನುಗುತ್ತಿದ್ದಳು. ಮಂಚದ ಮೇಲಿನ ಜೀವ ಮಾತ್ರ ಪ್ರತಿ ಸಲ ಏಳುವಾಗಲೂ ಹಿಂದಿನದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತಿತ್ತು. ಆ ಭಾರ ಹೊರುವಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ.

ಹೀಗೆ ಒಂದೊಂದು ಸಂಜೆ ಒಂದೊಂದು ಚೂರು. ಬೆನ್ನಿಗೆ ಎದೆ ಸೇರಿತು, ಕಾಲರು ಕೂತಿತು, ಒಂದು ತೋಳು ಹತ್ತಿತು. ಎರಡನೆಯ ತೋಳನ್ನು ಮಗಳು ಪಿನ್ನು ಹಾಕಿ ಕೈಗೆ ಕೊಟ್ಟಳು. ಟೈಲರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಿನ್ನು ಒಂದೊಂದಾಗಿ ತೆಗೆದು, ತೋಳನ್ನು ಮಡಿಸಿ ಮಿಷನ್ನಿನ ಮೇಲಿಟ್ಟಳು.

"ಇದಿರಲಿ," ಎಂದಳು.

"ಇನ್ನೊಂದು ಹತ್ತು ನಿಮಿಷದ ಕೆಲಸ ಅಲ್ವೇನೇ?" ಎಂದ ಅವನು. "ಕತ್ತರಿಸಿದ್ದು ಬಿಟ್ರೆ ನಿನಗೆ ಅನ್ನ ಇಳಿಯಲ್ಲ ಅಂತಿದ್ದೆ."

"ಈಗ ಹೇಗೂ ಇಳೀತಿಲ್ಲವಲ್ಲ." ಸಣ್ಣಗೆ ನಕ್ಕಳು. "ನಾಳೆಗೆ ಅಂತ ಒಂದು ಕೆಲಸ ಇರಲಿ ರೀ. ಏನೂ ಉಳೀದಿದ್ರೆ ನೀವು ಮತ್ತೆ ನನ್ನ ಲೆಕ್ಕದಿಂದ ಬಿಟ್ಬಿಡ್ತೀರಿ."

ಮಾರನೆಯ ದಿನವೂ ಹಾಗೇ ಅಂದಳು, ಅದರಾಚೆಯ ದಿನವೂ. ಆಮೇಲೆ ಒಂದು ಮಧ್ಯಾಹ್ನ, ಕರೆಂಟು ಇದ್ದ ಹೊತ್ತಿನಲ್ಲಿ, ಫ್ಯಾನು ತಿರುಗುತ್ತಿರುವಾಗ, ಸವತಿ ಗುನುಗುತ್ತಿರುವಾಗ, ನಿದ್ದೆಯಲ್ಲೇ ಹೋದಳು. ಯಾವುದೂ ನಿಂತಿರಲಿಲ್ಲ, ಅವಳ ಉಸಿರೊಂದನ್ನು ಬಿಟ್ಟು. ಲೋಡಣ್ಣ ಎಷ್ಟೋ ಹೊತ್ತು ಸವತಿಯನ್ನು ಆರಿಸದೆ ಕೂತಿದ್ದ. ಕೊನೆಗೆ ಮಗಳೇ ಬಂದು ಸ್ವಿಚ್ಚು ಆರಿಸಿದಳು.

ಬಂದವರು ಹೋದರು. ಆಕ್ಸಿಜನ್ ಮಿಷನ್ ಇನ್ಯಾರದೋ ಮನೆಗೆ ಹೋಯಿತು. ಮಂಚ ಬರಿದಾಯಿತು, ಹೊಲಿಗೆ ಮಿಷನ್ ಮಾತ್ರ ಅದಕ್ಕೆ ಒತ್ತಿಕೊಂಡೇ ನಿಂತಿತ್ತು. ಒಂದು ತೋಳಿನ ಅಂಗಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಮಗಳಿಗೂ ತನ್ನ ಮನೆಗೆ ಹೊರಡುವ ಹೊತ್ತು ಬಂತು. ಹೊರಡುವ ಹಿಂದಿನ ದಿನ ಅವಳು ಆ ಅಂಗಿಯನ್ನು ಕೆಳಗಿಳಿಸಿ, "ಇನ್ನೊಂದು ತೋಳು ಹಾಕಿಕೊಡ್ಲಾ ಅಪ್ಪಾ?" ಎಂದಳು.

"ಬೇಡಮ್ಮ. ಅದು ನಾಳೆಗೆ ಇರೋದು."

ಮಗಳು ಅಂಗಿಯನ್ನು ಮತ್ತೆ ಮೊಳೆಗೆ ಹಾಕಿದಳು. ಸಂಜೆ ಕರೆಂಟು ಹೋಯಿತು. ಓಣಿಯಲ್ಲಿ ದೊಡ್ಡ ಇನ್ವರ್ಟರು ಒಂದು ಫ್ಯಾನು, ಒಂದು ದೀಪ ಹೊತ್ತುಕೊಂಡು ನಿಂತಿತ್ತು. ಅಷ್ಟು ಸಣ್ಣ ಭಾರ ಅದಕ್ಕೆ ತಿಳಿದೇ ಇರಲಾರದು.

"ಒಬ್ಬರಿಗೆ ಇಷ್ಟು ದೊಡ್ಡದು ಯಾಕಪ್ಪಾ?" ಎಂದಳು ಮಗಳು. "ಸಣ್ಣದು ಇತ್ತಲ್ಲ, ಅದನ್ನೇ ಹಾಕ್ಕೊಳ್ಳಿ. ಬೇರೆ ಯಾರ ಮನೇಲಾದ್ರೆ ನೀವೇ ಹಾಗೆ ಹೇಳ್ತಿದ್ರಿ."

"ಹೊಲಿಗೆ ಮಿಷನ್ ಇದೆಯಲ್ಲಮ್ಮ."

"ಅದನ್ನ ಇನ್ನು ಯಾರು..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಮರುದಿನ ಬೆಳಗ್ಗೆ ಅವಳು ಚೀಲ ಹಿಡಿದು ಹೊರಟಾಗ ಅಪ್ಪ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಒಂದು ಹಳೆಯ ಬಟ್ಟೆ. ಹೊಲಿಗೆ ಮಿಷನ್ನಿನ ನೆತ್ತಿ, ಕತ್ತು, ಪೆಡಲು ಎಲ್ಲ ಒರೆಸಿ, ಅಡಿಯಲ್ಲಿದ್ದ ಮೋಟಾರಿನ ಬೆನ್ನನ್ನು ಉಜ್ಜುತ್ತಿದ್ದ. ಒರೆಸಿ ಮುಗಿಸಿ ಅದರ ಮೇಲೆ ತೋರುಬೆರಳು ಎಳೆದು, ಬೆಳಕಿಗೆ ಹಿಡಿದು ನೋಡಿದ. ಬೆರಳಿಗೆ ಏನೂ ಅಂಟಿರಲಿಲ್ಲ.

"ಓಡ್ತಾ ಇದೆ," ಎಂದ ಮಗಳಿಗೆ.